ಎಡಿನ್‌ಬರೋದ ಅಳತೆಗೋಲು

ಮಗಳಿಗೆ ಕ್ಯಾನ್ಸರ್ ಎಂದು ತಿಳಿದ ವಾರದಲ್ಲೇ ಹೆತ್ತವರ ಮುಂದೆ ಅವಳ ಮುಂದಿನ ಬಸಿರಿನ ಮಾತೆತ್ತುವುದು ಕಷ್ಟ. ಎತ್ತದಿದ್ದರೆ ಅವಕಾಶವೇ ಕೈತಪ್ಪೀತು. ಸೈಕ್ಲೋಫಾಸ್ಫಮೈಡ್‌ನಂಥ ಔಷಧಗಳೂ ಕಿಬ್ಬೊಟ್ಟೆಗೆ ಕೊಡುವ ವಿಕಿರಣವೂ ಹುಟ್ಟಿನಿಂದ ಬಂದ ಅಂಡಾಣುಗಳ ಸಂಗ್ರಹವನ್ನು ಬರಿದು ಮಾಡಬಲ್ಲವು. ಮೈನೆರೆಯದ ಹುಡುಗಿಯಲ್ಲಿ ಬಲಿತ ಅಂಡಾಣು ಸಿಗುವುದಿಲ್ಲ. ಅಂಡಾಶಯದ ಅಂಗಾಂಶವನ್ನೇ ತೆಗೆದು ಹೆಪ್ಪುಗಟ್ಟಿಸಿಡಬೇಕು. ಹಾಗೆ ಇಟ್ಟದ್ದು ಫಲಿಸಿದ್ದೂ ಉಂಟು. ಒಂಬತ್ತನೇ ವಯಸ್ಸಿನಲ್ಲಿ, ಥಲಸ್ಸೇಮಿಯಾ ಎಂಬ ರಕ್ತರೋಗದ ಚಿಕಿತ್ಸೆಗೆ ಮೊದಲು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅಂಗಾಂಶ ತೆಗೆದಿರಿಸಿದ್ದ ದುಬೈನ ಮಹಿಳೆಯೊಬ್ಬರು 2016ರಲ್ಲಿ ತಾಯಿಯಾದರು.

ಆದರೆ ಯಾರಿಗೆ ಈ ಶಸ್ತ್ರಚಿಕಿತ್ಸೆ? ಎಡಿನ್‌ಬರೋದ ವೈದ್ಯರು 1990ರ ದಶಕದಲ್ಲೇ ಇದಕ್ಕೊಂದು ಅಳತೆಗೋಲು ರೂಪಿಸಿದರು: ಅಂಡಾಶಯ ಅಕಾಲದಲ್ಲಿ ಸೋಲುವ ಅಪಾಯ ಹೆಚ್ಚಿರಬೇಕು, ಐದು ವರ್ಷ ಬದುಕುವ ನಿಜವಾದ ಭರವಸೆಯಿರಬೇಕು, ಹೆತ್ತವರ ಜೊತೆಗೆ ಸಾಧ್ಯವಾದರೆ ಮಗುವಿನ ಒಪ್ಪಿಗೆಯೂ ಬೇಕು. ಅಲ್ಲಿನ ವೈದ್ಯ ಹ್ಯಾಮಿಶ್ ವ್ಯಾಲೇಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಕ್ಯಾನ್ಸರ್ ಇದ್ದ, ಹದಿನೆಂಟು ತುಂಬದ 410 ಹುಡುಗಿಯರ ಪೈಕಿ 34 ಮಂದಿಗೆ ಮಾತ್ರ ಈ ಶಸ್ತ್ರಚಿಕಿತ್ಸೆ ಸೂಚಿಸಲಾಗಿತ್ತು. ಹದಿನೈದು ವರ್ಷಗಳಲ್ಲಿ ಅಂಡಾಶಯ ಸೋಲುವ ಸಂಭವ ಅವರಲ್ಲಿ ಶೇ. 35, ಉಳಿದವರಲ್ಲಿ ಶೇ. 1.

ಈ ಪದ್ಧತಿಯ ದೊಡ್ಡ ಗುಣ ಅದರ ಸಂಯಮ. ಮೊದಲೇ ಬಳಲಿದ ಮಗುವಿನ ಮೈಗೆ ಬೇಡದ ಕತ್ತರಿ ಹಾಕದಿರುವುದೂ ಆರೈಕೆಯೇ. ಸೂಚಿಸಿದ 34 ಮಂದಿಯಲ್ಲಿ 13 ಮಂದಿ ಬೇಡವೆಂದರು. ಬೇಡವೆನ್ನಲು ಜಾಗವಿದ್ದಾಗಲೇ ಒಪ್ಪಿಗೆಗೆ ಬೆಲೆ. ಹಾಗಾಗಿ ಆ ಸಂಖ್ಯೆಯನ್ನು ಸೋಲೆಂದು ನಾನು ಓದಲಾರೆ. ಆದರೆ ಶೇ. 1 ಎಂಬುದನ್ನು ಎಚ್ಚರದಿಂದಲೇ ಓದಬೇಕು. ಸೂಚಿಸದೆ ಬಿಟ್ಟ 376 ಮಂದಿಯಲ್ಲಿ ಅಂಡಾಶಯದ ಸ್ಥಿತಿ ಪರೀಕ್ಷಿಸಲು ಸಿಕ್ಕವರು 141 ಮಾತ್ರ. ಅವರೂ ಇನ್ನೂ ಎಳೆಯರು. ನಲವತ್ತಕ್ಕೆ ಮೊದಲೇ ಮುಟ್ಟು ನಿಲ್ಲುವುದೇ ಎಂಬುದು ಆಗ ತಿಳಿಯುವ ಮಾತಲ್ಲ.

ಇನ್ನೂ ಗಂಭೀರವಾದ ಕೊರತೆ ಬಳಕೆಯ ಹಂತದ್ದು. ರಕ್ತ ಕ್ಯಾನ್ಸರ್ ಇದ್ದ ಮಗುವಿನಿಂದ ತೆಗೆದ ಅಂಗಾಂಶದಲ್ಲಿ ರೋಗದ ಕೋಶಗಳು ಅಡಗಿರಬಹುದು. ಅದನ್ನು ಮರಳಿ ಕಸಿ ಮಾಡಿದರೆ ಗುಣವಾದ ರೋಗವೇ ಹಿಂತಿರುಗೀತು. ಇಂಥ ಮಗುವಿನ ಹೆತ್ತವರಿಗೆ ಈ ಅಪಾಯವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಬಿಡಿಸಿ ಹೇಳಬೇಕು. ಪ್ರಾಯಕ್ಕೆ ಬಾರದ ಹುಡುಗರಿಗಂತೂ ವೃಷಣದ ಅಂಗಾಂಶ ಕಾದಿಡುವುದು ಇನ್ನೂ ಪ್ರಯೋಗದ ಹಂತದಲ್ಲಿದೆ. ಪಿಟ್ಸ್‌ಬರ್ಗ್‌ನ ಸಂಶೋಧಕರು ಆ ವಿಧಾನದಿಂದ 2018ರಲ್ಲಿ ಪಡೆದದ್ದು ಒಂದು ಕೋತಿಮರಿಯನ್ನು. ಅಷ್ಟನ್ನು ಹೆತ್ತವರಿಗೆ ಖಾತರಿಯಂತೆ ಮಾರಬಾರದು. ಶುಲ್ಕವಿಲ್ಲದ ಸಂಶೋಧನೆಯಾಗಿ ಮುಂದಿಡುವುದೇ ನ್ಯಾಯ.