ಅರಬ್ಬರ ನಿಲುವಂಗಿಯೂ ಆಧುನಿಕ ಯಂತ್ರವೂ: ಒಂದು ಗ್ರಹಿಕೆಯ ವಿಮರ್ಶೆ

ಕೊಲ್ಲಿ ರಾಷ್ಟ್ರಗಳ ವಾಣಿಜ್ಯ ಜೀವನವನ್ನು ಕುರಿತ ಬರವಣಿಗೆಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪಾದದವರೆಗೆ ಇಳಿದ ಶುಭ್ರವಾದ ನಿಲುವಂಗಿ, ತಲೆಯ ಮೇಲೆ ಬಿಳಿಯ ವಸ್ತ್ರ, ಅದನ್ನು ಬಿಗಿದ ಕಪ್ಪು ಸುರುಳಿ. ಇವನ್ನು ಧರಿಸಿದ ವರ್ತಕನೊಬ್ಬನು ಗಣಕಯಂತ್ರದ ಮುಂದೆ ಕುಳಿತಿರುತ್ತಾನೆ, ಇಲ್ಲವೆ ಮೊಬೈಲನ್ನು ಕಿವಿಗೆ ಹಿಡಿದಿರುತ್ತಾನೆ. ಕೆಳಗೆ ಸಂಪ್ರದಾಯ ಮತ್ತು ಆಧುನಿಕತೆಗಳ ಸಂಗಮವೆಂಬ ಅರ್ಥದ ಒಂದು ಸಾಲು ಇದ್ದೇ ಇರುತ್ತದೆ. ಬರೆದವರು ಹೊಗಳುತ್ತಿರಬಹುದು, ಅಚ್ಚರಿಪಡುತ್ತಿರಬಹುದು. ಉಡುಗೆ ಹಳೆಯದು, ಯಂತ್ರ ಹೊಸದು ಎಂಬ ಗ್ರಹಿಕೆ ಮಾತ್ರ ಎರಡರಲ್ಲಿಯೂ ಒಂದೇ. ಪಶ್ಚಿಮ ಏಷ್ಯದ ಪಾಠ ಬಂದಾಗ ನಮ್ಮ ಕಾಲೇಜುಗಳಲ್ಲಿಯೂ ಇದೇ ಜೋಡಿಯನ್ನು ಬಳಸುವ ರೂಢಿಯುಂಟು. ಆ ಗ್ರಹಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಬಟ್ಟೆಯಿಂದಲೇ ಪ್ರಾರಂಭಿಸಬಹುದು. ಎಮಿರೇಟುಗಳಲ್ಲಿ ಕಂದೂರ, ಕುವೈತಿನಲ್ಲಿ ದಿಶ್‌ದಾಶ, ಸೌದಿ ಅರೇಬಿಯದಲ್ಲಿ ಥೋಬ್ ಎನಿಸಿಕೊಳ್ಳುವ ಈ ನಿಲುವಂಗಿಗೆ ಉತ್ತಮ ದರ್ಜೆಯ ಕೃತಕ ನೂಲಿನ ಬಟ್ಟೆಯನ್ನು ದಶಕಗಳಿಂದ ಒದಗಿಸುತ್ತ ಬಂದವರಲ್ಲಿ ಟೋಯೋಬೋ ಮೊದಲಾದ ಜಪಾನೀ ಗಿರಣಿಗಳು ಪ್ರಮುಖವಾದವು. ಅದರ ಬಿಳುಪಿಗೂ ಒಂದು ಚರಿತ್ರೆಯಿದೆ. ಕುವೈತ್ ನಗರವು ಒಂದು ಕಾಲಕ್ಕೆ ಕುಡಿಯುವ ನೀರನ್ನೇ ಶತ್ ಅಲ್-ಅರಬ್ ನದಿಯಿಂದ ಹಡಗುಗಳಲ್ಲಿ ತರಿಸಿಕೊಳ್ಳುತ್ತಿತ್ತು. ಸಮುದ್ರದ ನೀರನ್ನು ಸಿಹಿಗೊಳಿಸುವ ಸರ್ಕಾರೀ ಸ್ಥಾವರ ಅಲ್ಲಿ ಕೆಲಸಮಾಡತೊಡಗಿದ್ದು 1953ರಲ್ಲಿ. ನೀರಿಗೆ ಅಷ್ಟು ಬೆಲೆಯಿದ್ದ ದಿನಗಳಲ್ಲಿ, ಒಗೆದು ಗಂಜಿ ಹಾಕಿ ಇಸ್ತ್ರಿಮಾಡಿದ ಹೊಸದೊಂದು ಅಂಗಿಯನ್ನು ಪ್ರತಿದಿನವೂ ತೊಡುವುದು ಸಾಮಾನ್ಯನಿಗೆ ಸಾಧ್ಯವಿತ್ತೆಂದು ನಾವು ಊಹಿಸಲಾರೆವು. ಇಂದಿನ ಕಚೇರಿಯಲ್ಲಿ ಕಲೆಯಿಲ್ಲದೆ, ಸುಕ್ಕಿಲ್ಲದೆ ಮೆರೆಯುವ ಕಂದೂರದ ಹಿಂದೆ ಸಿಹಿನೀರಿನ ಸ್ಥಾವರ, ಹೊಲಿಗೆಯಂತ್ರ, ವಿದ್ಯುತ್ತಿನ ಇಸ್ತ್ರಿಪೆಟ್ಟಿಗೆ, ಬೆವರು ಬಾರದಂತೆ ಕಾಯುವ ಹವಾನಿಯಂತ್ರಣ, ಇಷ್ಟೂ ನಿಂತಿವೆ. ಮೇಜಿನ ಮೇಲೆ ಗಣಕಯಂತ್ರ ಬರುವುದಕ್ಕೆ ಬಹಳ ಮುಂಚೆಯೇ ಯಂತ್ರವು ಉಡುಗೆಯನ್ನು ಪ್ರವೇಶಿಸಿತ್ತು; ಮೊಬೈಲಿಗೆಂದು ಪಕ್ಕದಲ್ಲಿ ಇಡಿಸಿಕೊಳ್ಳುವ ಜೇಬು ಈಚಿನ ಸೇರ್ಪಡೆ ಅಷ್ಟೆ. (ತಲೆಯ ಸುರುಳಿಗೆ ಇಕಾಲ್ ಎಂದು ಹೆಸರು. ಒಂಟೆಯ ಕಾಲು ಕಟ್ಟುವ ಹಗ್ಗಕ್ಕೂ ಅರಬೀ ಭಾಷೆಯಲ್ಲಿ ಅದೇ ಮಾತು. ಸಂಪ್ರದಾಯದ ಪಕ್ಷದವರಿಗೆ ಇಷ್ಟನ್ನಾದರೂ ನಾವು ಬಿಟ್ಟುಕೊಡಬೇಕು.)

ಕೊರಳಪಟ್ಟಿಯ ವಿಷಯ ಇನ್ನೂ ಸ್ವಾರಸ್ಯವಾದುದು. ಎಮಿರೇಟುಗಳ ಕಂದೂರಕ್ಕೆ ಕೊರಳಪಟ್ಟಿಯಿಲ್ಲ. ಕತ್ತಿನಿಂದ ಒಂದು ಕುಚ್ಚು ಇಳಿಬಿದ್ದಿರುತ್ತದೆ. ಸೌದಿಯ ಥೋಬಿಗೆ ಬಿರುಸಾದ ಪಟ್ಟಿ ಮತ್ತು ಮುಂಗೈ ಗುಂಡಿಗಳುಂಟು. ಇವೆರಡೂ ಐರೋಪ್ಯ ಷರಟಿನಿಂದ ಬಂದವು. ಒಮಾನಿನವನನ್ನು ಕಸೂತಿಯ ಟೋಪಿಯಿಂದಲೋ ಸುತ್ತಿದ ರುಮಾಲಿನಿಂದಲೋ ಗುರುತಿಸಬಹುದು. ಬಲ್ಲವನು ಉಡುಪನ್ನು ನೋಡಿಯೇ ದೇಶವನ್ನು ಹೇಳುತ್ತಾನೆ. ಆದರೆ ಆ ದೇಶಗಳ ವಯಸ್ಸೆಷ್ಟು? ಕುವೈತ್ ಸ್ವತಂತ್ರವಾದದ್ದು 1961ರಲ್ಲಿ. ಬಹ್ರೇನ್, ಕತಾರ್ ಮತ್ತು ಎಮಿರೇಟುಗಳ ಒಕ್ಕೂಟ 1971ರಲ್ಲಿ. ಪ್ರಾಂತಭೇದಗಳು ಮೊದಲೂ ಇದ್ದಿರಬೇಕು. ಅವು ರಾಷ್ಟ್ರಗಳ ಗಡಿರೇಖೆಗಳೊಂದಿಗೆ ಇಷ್ಟು ನಿಖರವಾಗಿ ಹೊಂದಿಕೊಂಡದ್ದು ರಾಷ್ಟ್ರಗಳು ಹುಟ್ಟಿದ ಮೇಲೆಯೇ ಇರಬೇಕು.

ಅರಬ್ ಲೋಕವೆಲ್ಲ ಹೀಗಿಲ್ಲವೆಂಬುದನ್ನು ಮರೆಯಲಾಗದು. ಕೈರೋ, ಡಮಾಸ್ಕಸ್, ಬೈರೂತ್‌ಗಳ ವರ್ತಕನು ಬಹುಕಾಲದಿಂದ ಕೋಟು ಷರಾಯಿಗಳವನು. ಆಟೊಮನ್ ಸುಲ್ತಾನ ಎರಡನೆಯ ಮಹಮೂದನು 1829ರಲ್ಲಿ ಅಧಿಕಾರಿಗಳಿಗೆ ಕೆಂಪು ತುರ್ಕಿ ಟೋಪಿಯನ್ನು ವಿಧಿಸಿದನು. ಅಂದು ಸುಧಾರಣೆಯ ಗುರುತಾಗಿದ್ದ ಅದೇ ಟೋಪಿಯನ್ನು ತುರ್ಕಿಯ ಗಣರಾಜ್ಯ 1925ರಲ್ಲಿ ಹಿಂದುಳಿದಿರುವಿಕೆಯ ಗುರುತೆಂದು ನಿಷೇಧಿಸಿತು. ಪ್ಯಾಲೆಸ್ಟೈನಿನಲ್ಲಿ 1936ರಿಂದ 1939ರವರೆಗೆ ನಡೆದ ದಂಗೆಯ ನಡುವೆ, 1938ರಲ್ಲಿ, ಬಂಡಾಯದ ನಾಯಕರು ಪಟ್ಟಣಿಗರೆಲ್ಲರೂ ಆ ಟೋಪಿಯನ್ನು ತೆಗೆದು ರೈತನ ತಲೆವಸ್ತ್ರವನ್ನು ಧರಿಸಬೇಕೆಂದು ಆಜ್ಞೆಮಾಡಿದರು. ತಲೆವಸ್ತ್ರದಿಂದಲೇ ಬ್ರಿಟಿಷ್ ಸೈನಿಕರು ಹಳ್ಳಿಯ ಹೋರಾಟಗಾರನನ್ನು ಪಟ್ಟಣದಲ್ಲಿ ಗುರುತಿಸುತ್ತಿದ್ದರು. ಎಲ್ಲರೂ ಧರಿಸಿದರೆ ಯಾರನ್ನು ಹಿಡಿಯುವುದು? ಉಡುಗೆಯ ಆಯ್ಕೆಯಲ್ಲಿ ಹಳತು ಹೊಸತುಗಳ ಪ್ರಶ್ನೆಗಿಂತ ಯಾರು ಯಾರನ್ನು ಗುರುತಿಸುತ್ತಾರೆಂಬ ಪ್ರಶ್ನೆಯೇ ಬಲವಾದುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ದೊರೆತಿಲ್ಲ.

ಹಾಗಾದರೆ ಕೊಲ್ಲಿಯ ನಿಲುವಂಗಿ ಕೇವಲ ಕಲ್ಪಿತ ಸಂಪ್ರದಾಯವೆ? ಹಾಬ್ಸ್‌ಬಾಮ್ ಮತ್ತು ರೇಂಜರರು 1983ರಲ್ಲಿ ಸಂಪಾದಿಸಿದ ಗ್ರಂಥದಿಂದ ಈ ಬಗೆಯ ವಾದ ವಿದ್ವತ್ ವಲಯದಲ್ಲಿ ಬಳಕೆಗೆ ಬಂದಿತು. ಈಚೆಗೆ ಅದನ್ನು ಎಲ್ಲೆಂದರಲ್ಲಿ ಹಚ್ಚುವ ಉತ್ಸಾಹವೂ ಬೆಳೆದಿದೆ. ನಾವು ಅಷ್ಟು ದೂರ ಹೋಗಲಾರೆವು. ಸಡಿಲವಾದ ಉದ್ದನೆಯ ಅಂಗಿ ಆ ಬಿಸಿಲಿಗೆ ಒಪ್ಪುವಂಥದು, ನೆಲದ ಮೇಲೆ ಕೂರುವುದಕ್ಕೂ ನಮಾಜಿಗೂ ಅನುಕೂಲವಾದುದು, ನಿಶ್ಚಯವಾಗಿಯೂ ಪುರಾತನವಾದುದು. ಹೊಸದಾಗಿರುವುದು ಅದರ ಏಕರೂಪತೆ ಮತ್ತು ಅದಕ್ಕೆ ವಹಿಸಿರುವ ಕೆಲಸ.

ಆ ಕೆಲಸ ಯಾವುದೆಂಬುದನ್ನು ಕುವೈತನ್ನು ಕುರಿತು ಮಾನವಶಾಸ್ತ್ರಜ್ಞೆ ಲೋಂಗ್ವಾ 1997ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು: ಉಡುಗೆಯು ಪೌರನನ್ನು ಪರದೇಶೀಯನಿಂದ ಬೇರ್ಪಡಿಸುತ್ತದೆ. ಎಮಿರೇಟುಗಳಲ್ಲಿಯೂ ಕತಾರಿನಲ್ಲಿಯೂ ಪೌರರು ಜನಸಂಖ್ಯೆಯ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿದ್ದಾರೆ. ಎಮಿರೇಟುಗಳಲ್ಲಿ, ಮುಕ್ತ ವಲಯಗಳ ಹೊರಗೆ ಸಂಸ್ಥೆ ತೆರೆಯುವ ವಿದೇಶೀಯನು ಶೇಕಡಾ 51ರಷ್ಟು ಪಾಲನ್ನು ಪೌರನ ಹೆಸರಿನಲ್ಲಿ ಇಡಬೇಕೆಂಬ ನಿಯಮ 2021ರವರೆಗೆ ಬಹುತೇಕ ಉದ್ಯಮಗಳಿಗೆ ಅನ್ವಯಿಸುತ್ತಿತ್ತು. ಅಂಥ ಕಚೇರಿಯಲ್ಲಿ ಬಿಳಿಯ ಕಂದೂರವು ನಾನು ಅರಬ್ಬನೆಂದು ಹೇಳುವುದಕ್ಕಿಂತ ಹೆಚ್ಚಾಗಿ, ಸಹಿಯ ಅಧಿಕಾರ ನನ್ನದೆಂದು ಹೇಳುತ್ತದೆ. ಈಜಿಪ್ಟಿನಿಂದ ಬಂದ ಅರಬ್ಬನು ಅಲ್ಲಿಯೇ ಪಕ್ಕದ ಮೇಜಿನಲ್ಲಿ ಷರಟು ತೊಟ್ಟು ಕುಳಿತಿರುತ್ತಾನೆ. ಗಣಕಯಂತ್ರವನ್ನು ದಿನವಿಡೀ ನಡೆಸುವವರು ಹೆಚ್ಚಾಗಿ ಅವನೂ, ಕೇರಳದವನೂ, ನಮ್ಮ ಕರಾವಳಿಯಿಂದ ಹೋದವನೂ. ಕಂದೂರವನ್ನು ಹೊಲಿಯುವ, ಒಗೆಯುವ, ಇಸ್ತ್ರಿಮಾಡುವ ಕೈಗಳು ಕೂಡ ಬಹುಮಟ್ಟಿಗೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಹೋದವರವು. ಸಂಗಮವೆಂಬ ಮಾತು ಇವರೆಲ್ಲರನ್ನೂ ಚೌಕಟ್ಟಿನ ಹೊರಗೆ ನಿಲ್ಲಿಸುತ್ತದೆ. ಆ ಮಾತಿನ ವಿರುದ್ಧ ನಮ್ಮ ಮುಖ್ಯ ಆಕ್ಷೇಪ ಇದು.

ಭಟ್ಕಳ, ಉಡುಪಿ, ಮಂಗಳೂರುಗಳ ಎಷ್ಟೋ ಮನೆಗಳಲ್ಲಿ ಕೊಲ್ಲಿಯ ಕಚೇರಿಗಳಲ್ಲಿ ತೆಗೆದ ಛಾಯಾಚಿತ್ರಗಳು ಉಳಿದಿವೆ. ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ, ಯಂತ್ರದ ಮೇಲೆ ಯಾರ ಕೈಯಿದೆ, ಯಾರು ಏನನ್ನು ತೊಟ್ಟಿದ್ದಾರೆ ಎಂಬುದನ್ನು ಅವುಗಳಲ್ಲಿ ವರ್ಷವಾರಾಗಿ ಗುರುತು ಹಾಕಬಹುದು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಸಾಮಗ್ರಿಯನ್ನು ಸಂಗ್ರಹಿಸಲು ಕೈಹಾಕಿದರೆ, ಚಿತ್ರಗಳು ಮನೆಗಳಿಂದ ಮರೆಯಾಗುವ ಮುನ್ನವೇ ಆ ಕೆಲಸ ಆಗಬೇಕು.