ಮಿಲ್ಟನ್ನನ ಸೈತಾನ: ನಾಯಕನೋ ಪ್ರತಿನಾಯಕನೋ?

ಮಿಲ್ಟನ್ ಮಹಾಕವಿಯ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ನಾಯಕಸ್ಥಾನವು ಯಾರಿಗೆ ಸಲ್ಲತಕ್ಕದ್ದೆಂಬ ಚರ್ಚೆ ಹೆಚ್ಚುಕಡಿಮೆ ಆ ಕಾವ್ಯದಷ್ಟೇ ಹಳೆಯದು. ಕಾವ್ಯವು ಅಚ್ಚಾದುದು ೧೬೬೭ರಲ್ಲಿ. ಮೂವತ್ತು ವರ್ಷಗಳ ತರುವಾಯ ಡ್ರೈಡನ್ ಕವಿಯು, ತನ್ನ ವರ್ಜಿಲ್ ಭಾಷಾಂತರದ ಅರ್ಪಣಪತ್ರಿಕೆಯಲ್ಲಿ, ಆದಾಮನಿರಬೇಕಾದ ಎಡೆಯಲ್ಲಿ ಸೈತಾನನು ನಾಯಕನಾಗಿ ಕುಳಿತಿರುವನೆಂದು ಆಕ್ಷೇಪಿಸಿದನು. ಅವನು ದೋಷವೆಂದೆಣಿಸಿದುದನ್ನೇ ಬ್ಲೇಕ್ ಕವಿಯು ಗುಣವೆಂದು ಕೊಂಡಾಡಿದನು: ಮಿಲ್ಟನ್ನನು ನಿಜವಾದ ಕವಿಯಾದುದರಿಂದ ತನಗರಿಯದಂತೆಯೇ ಸೈತಾನನ ಪಕ್ಷಕ್ಕೆ ಸೇರಿದನಂತೆ. ಶೆಲ್ಲಿಯು ೧೮೨೧ರಲ್ಲಿ ಇನ್ನೂ ಮುಂದೆ ಹೋಗಿ, ಈ ಕಾವ್ಯದ ದೇವರಿಗಿಂತ ಸೈತಾನನೇ ಶೀಲದಲ್ಲಿ ಮೇಲೆಂದನು. ಈಚಿನವರಲ್ಲಿ ಸಿ. ಎಸ್. ಲೂಯಿಸ್ (೧೯೪೨) ಸೈತಾನನ ಮಾತಿನೊಳಗಿನ ಆತ್ಮವಂಚನೆಯನ್ನು ಎತ್ತಿ ತೋರಿಸಿದರು. ಸ್ಟ್ಯಾನ್ಲಿ ಫಿಶ್ (೧೯೬೭) ವಾಚಕನನ್ನು ಮರುಳುಗೊಳಿಸಿ ಆಮೇಲೆ ತಿದ್ದುವುದೇ ಕವಿಯ ಉದ್ದೇಶವೆಂದರು. ಈ ಕಡೆಯ ವಾದವು ಬಹು ಜಾಣ್ಮೆಯದು. ಆದರೆ ಉಪಾಧ್ಯಾಯನು ಹುಡುಗನನ್ನು ಬೇಕೆಂದೇ ತಪ್ಪು ಲೆಕ್ಕಕ್ಕೆ ಎಳೆಯುವಂತೆ ಕವಿಯು ನಮ್ಮನ್ನು ನಡೆಸಿಕೊಂಡನೆಂದು ನಂಬಲು ಮನಸ್ಸು ಒಪ್ಪದು.

ಈ ತೊಡಕನ್ನು ಬಿಡಿಸಲು ನಮ್ಮ ಆಲಂಕಾರಿಕರ ಮಾತೊಂದು ನೆರವಾದೀತು. ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನು ವರ್ಣಿಸಿ, ಅಂತಹವನನ್ನು ಗೆದ್ದುದರಿಂದ ನಾಯಕನ ಉತ್ಕರ್ಷವನ್ನು ತೋರಿಸುವ ಕ್ರಮವೂ ಹಿತವಾದುದೆಂದು ದಂಡಿಯು ‘ಕಾವ್ಯಾದರ್ಶ’ದಲ್ಲಿ ಹೇಳಿದ್ದಾನೆ. ಮಿಲ್ಟನ್ನನು ದಂಡಿಯನ್ನು ಬಲ್ಲವನಲ್ಲ. ಆದರೂ ಅವನ ಮೊದಲೆರಡು ಸರ್ಗಗಳು ಈ ಸೂತ್ರಕ್ಕೆ ಬರೆದ ಉದಾಹರಣೆಯಂತಿವೆ. ಹಡಗಿನ ಕೂವೆಮರವೂ ಕಡ್ಡಿಯಂತೆ ತೋರಬೇಕಾದಂತಹ ಈಟಿ. ಗೆಲಿಲಿಯೋ ದೂರದರ್ಶಕದಲ್ಲಿ ಕಂಡ ಚಂದ್ರಬಿಂಬದಂತಹ ಗುರಾಣಿ. ತನಗಾಗಿ ಕೆಟ್ಟ ಅನುಚರರನ್ನು ನೋಡಿ ಮೂರು ಸಲ ಮಾತೆತ್ತಲು ಹೋಗಿ, ಮೂರು ಸಲವೂ ಕಣ್ಣೀರು ಉಕ್ಕಿಬರುವುದು. ಸಭೆಯಲ್ಲಿ ಯಾರೂ ಮುಂದೆ ಬಾರದ ಘೋರ ಪಯಣವನ್ನು ತಾನೊಬ್ಬನೇ ಕೈಕೊಳ್ಳುವುದು. ಶತ್ರುವರ್ಣನೆಯಲ್ಲಿ ಯಾವ ಕೊರತೆಯೂ ಇಲ್ಲ.

ಕೊರತೆಯಿರುವುದು ಸೂತ್ರದ ಉತ್ತರಾರ್ಧದಲ್ಲಿ. ಇಲ್ಲಿ ಗೆಲ್ಲುವವನು ಸರ್ವಶಕ್ತನು. ಆರನೆಯ ಸರ್ಗದ ಯುದ್ಧದಲ್ಲಿ ದೇವಪುತ್ರನು ರಥವೇರಿ ಬಂದು, ತನ್ನ ಬಲದ ಅರ್ಧವನ್ನೂ ತೋರದೆ, ದಂಗೆಯೆದ್ದವರನ್ನೆಲ್ಲ ಅಟ್ಟಿಬಿಡುತ್ತಾನೆ. ಸೋಲುವ ಸಂಭವವೇ ಇಲ್ಲದವನಿಗೆ ಗೆಲವಿನಿಂದ ಬರುವ ಕೀರ್ತಿಯಾವುದು? ಶತ್ರುವಿಗೆ ಕೂಡಿಸಿದ ಹಿರಿಮೆಯು ವಿಜೇತನ ಕಡೆಗೆ ಹರಿಯದೆ ಶತ್ರುವಿನಲ್ಲಿಯೇ ನಿಂತುಬಿಡುತ್ತದೆ. ಸೈತಾನನು ನಾಯಕನಂತೆ ಕಾಣುವುದಕ್ಕೆ ಕವಿಯ ಗುಪ್ತಭಕ್ತಿಯು ಕಾರಣವಲ್ಲ; ವೀರಕಾವ್ಯದ ಕಟ್ಟಿನೊಳಗೆ ಸರ್ವಶಕ್ತನನ್ನು ತಂದು ನಿಲ್ಲಿಸಿದುದೇ ಕಾರಣ. ಆದುದರಿಂದ ಸೈತಾನನನ್ನು ಮೆಚ್ಚಿದ ವಾಚಕನು ತನ್ನ ಧರ್ಮಬುದ್ಧಿಗೆ ಊನ ಬಂದಿತೆಂದು ಅಳುಕಬೇಕಾಗಿಲ್ಲ.

ಕವಿಯ ಜೀವನದಿಂದ ಅರ್ಥಮಾಡುವವರೂ ಉಂಟು. ೧೬೪೯ರಲ್ಲಿ ಚಾರ್ಲ್ಸ್ ದೊರೆಯ ಶಿರಚ್ಛೇದವಾದಾಗ ಅದನ್ನು ಸಮರ್ಥಿಸಿ ಬರೆದವನು ಮಿಲ್ಟನ್. ೧೬೬೦ರಲ್ಲಿ ಅರಸೊತ್ತಿಗೆ ಮರಳಿ ಬಂದಾಗ, ಕಣ್ಣು ಕಳೆದುಕೊಂಡು, ಸೋತ ಪಕ್ಷದಲ್ಲಿ ಉಳಿದವನೂ ಅವನೇ. ಸ್ವರ್ಗದ ಒಡೆಯನನ್ನು ನಿರಂಕುಶನೆಂದು ಜರೆಯುವ ಸೈತಾನನಲ್ಲಿ ಕವಿಯ ಕಂಠವನ್ನು ಕೇಳುವುದು ಸುಲಭ. ಆದರೆ ಎರಡನೆಯ ಸರ್ಗದ ಆರಂಭವನ್ನು ನೋಡಿರಿ: ಆ ಸ್ವಾತಂತ್ರ್ಯವಾದಿಯು ಕುಳಿತಿರುವುದು ಆರ್ಮಸ್, ಹಿಂದೂದೇಶಗಳ ಐಶ್ವರ್ಯವನ್ನೂ ಮೀರಿಸುವ ಸಿಂಹಾಸನದ ಮೇಲೆ! ಬಾಯಿ ಅರಸುತನವನ್ನು ಬಯ್ಯುತ್ತದೆ. ಮೈ ಗದ್ದುಗೆಯನ್ನು ಬಿಡದು. ರಾಜದ್ವೇಷಿಯಾದ ಕವಿಯು ಇದನ್ನು ಅರಿಯದೆ ಬರೆದಿರಲಾರನು.

ಸೈತಾನನ ಈ ವೀರವಾಣಿಯೆಲ್ಲ ಕೇಳುವವರಿದ್ದಾಗ ಹೊರಡುವುದು. ಏಕಾಂತದಲ್ಲಿ ಅವನ ಮಾತೇ ಬೇರೆ. ನಾಲ್ಕನೆಯ ಸರ್ಗದಲ್ಲಿ ಬೆಟ್ಟದ ಮೇಲೆ ಒಬ್ಬನೇ ನಿಂತು, ಸೂರ್ಯನನ್ನು ಕುರಿತು, ತನ್ನನ್ನು ಕೆಡವಿದುದು ತನ್ನ ಗರ್ವವೇ ಎಂದೂ, ದೇವರಿಂದ ತನಗೆ ಅಪಕಾರವಾಗಿರಲಿಲ್ಲವೆಂದೂ, ಕ್ಷಮೆ ದೊರೆತರೂ ಮತ್ತೆ ತಿರುಗಿ ಬೀಳುವೆನೆಂದೂ ಒಪ್ಪಿಕೊಳ್ಳುತ್ತಾನೆ. ಈ ಭಾಷಣದ ಮೊದಲ ಪಂಕ್ತಿಗಳು, ಮಹಾಕಾವ್ಯಕ್ಕೆ ಕೈಹಾಕುವುದಕ್ಕೆ ಹಲವು ವರ್ಷ ಮುಂಚೆಯೇ, ದುರಂತನಾಟಕವೊಂದರ ಪ್ರಾರಂಭಕ್ಕೆಂದು ಹುಟ್ಟಿದುವೆಂಬುದಾಗಿ ಕವಿಯ ಸೋದರಳಿಯ ಎಡ್ವರ್ಡ್ ಫಿಲಿಪ್ಸನು ಬರೆದಿಟ್ಟಿದ್ದಾನೆ. ಮೊದಲೆರಡು ಸರ್ಗಗಳ ಆರ್ಭಟಕ್ಕಿಂತ ಈ ಏಕಾಂತಭಾಷಣವೇ ನನಗೆ ಹಿರಿದಾಗಿ ತೋರುತ್ತದೆ.

ಕನ್ನಡಿಗರಾದ ನಮಗೆ ಇಲ್ಲಿ ರನ್ನನ ದುರ್ಯೋಧನನು ನೆನಪಿಗೆ ಬಾರದಿರನು. ‘ಗದಾಯುದ್ಧ’ದಲ್ಲಿ ಅವನು ರಣಭೂಮಿಯಲ್ಲಿ ಅಲೆಯುತ್ತ, ಹಗೆಯ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು, ಆ ಸಾಹಸದಲ್ಲಿ ಒಂದಂಶವುಳ್ಳ ಮರಣವಾದರೂ ತನಗೆ ಬರಲೆಂದು ಹಾರೈಸುತ್ತಾನೆ. ಸೈತಾನನಿಗೂ ಇಂತಹ ಗಳಿಗೆ ಬಾರದಿಲ್ಲ. ಒಂಬತ್ತನೆಯ ಸರ್ಗದಲ್ಲಿ ಈವಳನ್ನು ಕಂಡು ಕ್ಷಣಕಾಲ ಅವನ ಹಗೆತನವೆಲ್ಲ ಕಳಚಿ, ಬೆಪ್ಪಾದವನಂತೆ ಒಳ್ಳೆಯವನಾಗಿ ನಿಲ್ಲುತ್ತಾನೆ. ಮರುಕ್ಷಣವೇ ದ್ವೇಷವನ್ನು ಮರಳಿ ಕರೆದುಕೊಳ್ಳುತ್ತಾನೆ. ದುರ್ಯೋಧನನು ತನ್ನೊಳಗಿನ ಒಳ್ಳಿತನ್ನು ಬಾಯಿಬಿಟ್ಟು ಆಡಿದನು, ಸೈತಾನನು ನುಂಗಿದನು. ಮೊದಲನೆಯವನನ್ನು ದುರಂತನಾಯಕನೆನ್ನಲು ನಾನು ಹಿಂಜರಿಯೆನು. ಎರಡನೆಯವನಿಗೆ ಆ ಪದವಿ ಕೈಗೆಟುಕಿ ತಪ್ಪಿತು.

ಆಮೇಲಿನ ಇಳಿತವನ್ನು ವಿಸ್ತರಿಸಬೇಕಾಗಿಲ್ಲ. ನೀರುಕಾಗೆಯಂತೆ ಮರದ ಮೇಲೆ ಕೂರುವುದು, ಕಪ್ಪೆಯಂತೆ ಈವಳ ಕಿವಿಯ ಬಳಿ ಮುದುಡುವುದು, ಇವುಗಳಲ್ಲಿ ಕವಿಯ ಕೈ ತುಸು ಬಲಾತ್ಕಾರವಾಗಿಯೇ ಆಡಿದೆ. ಆದರೆ ಹತ್ತನೆಯ ಸರ್ಗದ ಕಲ್ಪನೆ ಅಪೂರ್ವವಾದುದು. ಕಾರ್ಯವನ್ನು ಸಾಧಿಸಿ ಬಂದ ಸೈತಾನನು ಅದೇ ಪರಿವಾರದ ಮುಂದೆ, ಅದೇ ಸಿಂಹಾಸನದಿಂದ ತನ್ನ ವಿಜಯವನ್ನು ಸಾರಿ, ಜಯಘೋಷಕ್ಕಾಗಿ ಕಿವಿಗೊಟ್ಟು ನಿಲ್ಲುತ್ತಾನೆ. ಕೇಳಿಬರುವುದು ಸಭೆಯ ಎಲ್ಲ ಮೂಲೆಗಳಿಂದಲೂ ಬುಸುಗುಟ್ಟುವ ಶಬ್ದ. ಸೋಜಿಗಪಟ್ಟು ಏನೋ ಹೇಳಹೋಗುತ್ತಾನೆ. ಅವನ ನಾಲಗೆಯೂ ಆಗಲೇ ಸೀಳಿದೆ.