ನಿಧಾನ ತಿಗುರಿಯ ಮಡಕೆಗೆ ನೀರೇ ಪರೀಕ್ಷೆ

ಚೀನಾದ ಯುನ್ನಾನ್ ಪ್ರಾಂತ್ಯದ ದಕ್ಷಿಣ ತುದಿಯ ಶಿಶ್ವಾಂಗ್‌ಬನ್ನಾದಲ್ಲಿ ದಾಯ್ ಜನ ಮಾಡುವ ಮಡಕೆಗಳನ್ನು ಹೊಗಳುವವರು ಮೊದಲು ಅವುಗಳ ಪ್ರಾಚೀನತೆಯನ್ನೇ ಎತ್ತುತ್ತಾರೆ. ನವಶಿಲಾಯುಗದ ಕುಂಬಾರಿಕೆ ಹೇಗಿದ್ದಿರಬಹುದೆಂದು ತಿಳಿಯಲು ಪುರಾತತ್ವಜ್ಞರು ಇಲ್ಲಿಗೆ ಬರುವುದೂ ನಿಜ. ನನಗೆ ಮಾತ್ರ ಈ ಕಸುಬಿನ ಜಾಣ್ಮೆ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಮಡಕೆ ಮಾಡುವವರು ಹೆಚ್ಚಾಗಿ ಹೆಂಗಸರು. ವಿದ್ಯೆ ತಾಯಿಯಿಂದ ಮಗಳಿಗೆ ಬರುತ್ತದೆ. (ತಿಗುರಿಯನ್ನು ಹೆಂಗಸರು ಮುಟ್ಟಕೂಡದೆಂಬ ಕಟ್ಟಳೆ ನಮ್ಮ ದೇಶದ ಹಲವೆಡೆ ಇದ್ದದ್ದನ್ನು ಇಲ್ಲಿ ನೆನೆಯಬೇಕು.) ಒಣಗಿಸಿ ಕುಟ್ಟಿದ ಜೇಡಿಮಣ್ಣಿಗೆ ಜರಡಿ ಹಿಡಿದ ಮರಳು ಬೆರೆಸುತ್ತಾರೆ. ನೆಲಮಟ್ಟದ ಪುಟ್ಟ ಮರದ ತಿಗುರಿಯನ್ನು ಕೈಯಿಂದಲೋ ಕಾಲ್ಬೆರಳಿನಿಂದಲೋ ಮೆಲ್ಲಗೆ ತಿರುಗಿಸುತ್ತ ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಕೂಡಿಸುತ್ತಾರೆ. ಆಮೇಲೆ ಒಳಗೆ ನುಣುಪುಗಲ್ಲು ಆನಿಸಿ ಹಿಡಿದು, ಹೊರಗಿನಿಂದ ಗೆರೆ ಕೆತ್ತಿದ ಮರದ ಹಲಗೆಯಲ್ಲಿ ಬಡಿಯುವುದು. ಮೈಯನ್ನು ತೆಳುವಾಗಿಸಿ ಬಿಗಿಮಾಡುವ ಪೆಟ್ಟೇ ಚಿತ್ತಾರವನ್ನೂ ಮೂಡಿಸುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಸುಡುವುದು ಬಯಲಲ್ಲಿ, ಸೌದೆ ಜೋಡಿಸಿ, ಹುಲ್ಲು ಮುಚ್ಚಿ. ಕಾವು 800 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಏರಿಳಿಯುವ ಆ ಉರಿಗೆ ಮಡಕೆ ಬಿರಿಯದಂತೆ ಕಾಯುವುದು ಮೊದಲೇ ಬೆರೆಸಿದ ಮರಳು. ಇಷ್ಟೇ ಕಾವಿನಲ್ಲಿ ಬೆಂದ ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ನೀರು ಜಿನುಗಿ ಆರುತ್ತದೆ, ಒಳಗಿನದು ತಂಪಾಗುತ್ತದೆ.

ನಲ್ಲಿ ಬಂತು, ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಬಂತು. ಮಡಕೆ ಕೊಳ್ಳುವವರು ಕಡಿಮೆಯಾದರು. 2006ರಲ್ಲಿ ಚೀನಾ ಸರ್ಕಾರ ಈ ವಿದ್ಯೆಯನ್ನು ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಗೆ ಸೇರಿಸಿತು. ಅದರಿಂದ ಗೌರವ ಸಿಕ್ಕಿತು, ಪ್ರವಾಸಿಗರಿಗೆ ಪ್ರದರ್ಶನಗಳಾದವು, ಹೂದಾನಿ, ಚಹಾ ಪಾತ್ರೆಗಳಿಗೆ ಗಿರಾಕಿಗಳು ಬಂದರು. ಆ ದುಡ್ಡು ಬೇಡವೆನ್ನಲು ನಮಗಾರಿಗೂ ಹಕ್ಕಿಲ್ಲ. ಆದರೆ ಕಪಾಟಿನಲ್ಲಿ ಕೂರುವ ಹೂದಾನಿಯನ್ನು ಯಾರೂ ಪರೀಕ್ಷಿಸುವುದಿಲ್ಲ. ಮರಳಿನ ಪಾಲು ತಪ್ಪಿದರೂ, ಬಡಿತ ಒಂದೆಡೆ ಸಡಿಲವಾದರೂ ಅದು ಚೆಲುವಾಗಿಯೇ ಕಾಣುತ್ತದೆ. ನೀರಿನ ಗುಡಾಣದಲ್ಲಾದರೆ ಅಂಥ ತಪ್ಪು ಬಳಸತೊಡಗಿದ ಕೂಡಲೇ ಬಯಲಾಗುತ್ತಿತ್ತು. ಮಾಡುವವಳ ಕೈಯನ್ನು ತಿದ್ದುತ್ತಿದ್ದವರು ಹೀಗೆ ದಿನವೂ ಬಳಸುವ ಜನ. ಪ್ರದರ್ಶನಕ್ಕೆ ಬಂದವರಿಂದ ಆ ಕೆಲಸ ಆಗದು.

ಥೇರವಾದ ಬೌದ್ಧರಾದ ದಾಯ್ ಜನರಿಗೆ ನೀರು ಪವಿತ್ರ. ವಿಹಾರಗಳೂ ಮಣ್ಣಿನ ಪಾತ್ರೆಗಳನ್ನು ಬಳಸುತ್ತ ಬಂದಿವೆ. ಸೆಕೆಯ ಆ ನಾಡಿನಲ್ಲಿ ವಿಹಾರಗಳು, ಶಾಲೆಗಳು, ಅತಿಥಿಗೃಹಗಳು ಕುಡಿಯುವ ನೀರಿಗೆ ಈ ಗುಡಾಣಗಳನ್ನೇ ಕೊಂಡರೆ ಕಸುಬಿಗೆ ಅದರ ನಿಜವಾದ ಕೆಲಸ ಮರಳಿ ಸಿಗುತ್ತದೆ. ಪರಂಪರೆಯ ಹೆಸರಿನ ನೆರವನ್ನು ಮೊದಲು ಅದಕ್ಕೇ ಖರ್ಚು ಮಾಡಬೇಕು. ಕಲಿಯಲು ಬರುವ ಹುಡುಗಿಗೂ ಹೂದಾನಿಗಿಂತ ಮುಂಚೆ ದೊಡ್ಡ ಗುಡಾಣವನ್ನೇ ಕಲಿಸಬೇಕು.